ನಿಮ್ಮ ವಿಶ್ವಾಸಪ್ರಮಾಣ ನೀವೇ ಬರೆಯಿರಿ

ನಾನು ಚರ್ಚ್ ಇತಿಹಾಸ ಕಲಿಸುತ್ತೇನೆ. ನೆದರ್‌ಲ್ಯಾಂಡ್ಸ್‌ನ ರೆಮಾನ್‌ಸ್ಟ್ರಂಟ್ ಸಭೆ ಒಂದು ಸಣ್ಣ ಪ್ರೊಟೆಸ್ಟಂಟ್ ಚರ್ಚ್. ಅದಕ್ಕೆ ಸೇರುವವರು ತಾವು ಏನು ನಂಬುತ್ತೇವೆ ಎಂಬ ಹೇಳಿಕೆಯನ್ನು, ಅಂದರೆ ವಿಶ್ವಾಸಪ್ರಮಾಣವನ್ನು, ತಾವೇ ಬರೆಯುತ್ತಾರೆ. ಅದರ ಪಾಠ ಬಂತೆಂದರೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ: "ಹಾಗಾದ್ರೆ ಅವರು ಏನು ಬೇಕಾದ್ರೂ ನಂಬಬಹುದು, ಅಲ್ವಾ ಸರ್?" ಅಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ರೆಮಾನ್‌ಸ್ಟ್ರನ್ಸ್ ಅಂದರೆ ತಕರಾರು ಅರ್ಜಿ. ಡಚ್ ದೇವಶಾಸ್ತ್ರಜ್ಞ ಆರ್ಮಿನಿಯಸ್ ತೀರಿಕೊಂಡ ಮರುವರ್ಷ, 1610ರಲ್ಲಿ, ಅವನ ವಿಚಾರ ಒಪ್ಪಿದ ನಲವತ್ತಕ್ಕೂ ಹೆಚ್ಚು ಸಭಾಪಾಲಕರು (ಪಾದ್ರಿಗಳು) ಐದು ಅಂಶಗಳ ಅರ್ಜಿ ಬರೆದರು. ಯಾರಿಗೆ ರಕ್ಷಣೆ (ಪಾಪದಿಂದ ಬಿಡುಗಡೆ), ಯಾರಿಗೆ ಇಲ್ಲ ಅನ್ನುವುದನ್ನು ದೇವರು ಯಾವ ಷರತ್ತೂ ಇಲ್ಲದೆ ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಹಣೆಬರಹದ ಮೇಲೇ ತಕರಾರು ಅನ್ನಿ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ವಿಷಯ ತಲೆಗೆ ಹೋಗುತ್ತದೆ. 1618-19ರ ಡಾರ್ಟ್ ಮಹಾಸಭೆ, ಅಂದರೆ ಡಚ್ ಸುಧಾರಿತ ಚರ್ಚಿನ ದೊಡ್ಡ ಸಭೆ, ಈ ಅರ್ಜಿಯನ್ನು ತಳ್ಳಿಹಾಕಿತು. ಅರ್ಜಿಯ ಪರ ಇದ್ದ ಸುಮಾರು 200 ಪಾಲಕರು ಕೆಲಸ ಕಳೆದುಕೊಂಡರು. ಅವರ ಗುಂಪೇ ಮುಂದೆ ಈ ಸಭೆಯಾಯಿತು. ಇವರ ಪರ ನಿಂತ ಕಾನೂನು ಪಂಡಿತ ಗ್ರೋಶಿಯಸ್ ಜೈಲು ಸೇರಿದ. 1621ರಲ್ಲಿ ಹೆಂಡತಿಯ ಉಪಾಯದಿಂದ ಪುಸ್ತಕದ ಪೆಟ್ಟಿಗೆಯೊಳಗೆ ಮುದುಡಿ ಮಲಗಿ ತಪ್ಪಿಸಿಕೊಂಡ. ಕಾವಲುಗಾರರ ಕಣ್ಣೆದುರೇ ಪೆಟ್ಟಿಗೆ ಆಚೆ ಹೋಯಿತು. ಈ ಕಥೆಗೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ಮುಖ್ಯ ಮಾತು. ದೇವರ ಕರೆಗೆ ಹೂಂ ಅನ್ನಲು, ಊಹೂಂ ಅನ್ನಲು ಮನುಷ್ಯನಿಗೆ ಜಾಗ ಇದೆ ಎಂದು ಒಪ್ಪಿದಿರಿ ಅಂದುಕೊಳ್ಳಿ. ಆಗ ಆ ಹೂಂ ಅನ್ನು ನಿಮ್ಮ ಪರವಾಗಿ ಇನ್ನೊಬ್ಬರು ಹೇಳಲು ಬರುವುದಿಲ್ಲ. ಪಾಲಕರೂ ಹೇಳುವಂತಿಲ್ಲ, ಅಪ್ಪ ಅಮ್ಮನೂ ಹೇಳುವಂತಿಲ್ಲ. ಅದಕ್ಕೇ ಈ ಸಭೆಗೆ ಸೇರುವವರು ತಮ್ಮ ವಿಶ್ವಾಸಪ್ರಮಾಣವನ್ನು ತಾವೇ ಬರೆಯುತ್ತಾರೆ. ಸಭೆಗೂ ತನ್ನದೇ ವಿಶ್ವಾಸಪ್ರಮಾಣಗಳಿವೆ: 1621ರದ್ದು, 1940ರದ್ದು, 2006ರದ್ದು. ಯಾವುದಕ್ಕೂ ಸಹಿ ಹಾಕಲೇಬೇಕೆಂಬ ಒತ್ತಾಯ ಇಲ್ಲ. ಕೊನೆಯದರ ಮೊದಲ ಮಾತು ನನಗೆ ತುಂಬಾ ಇಷ್ಟ. ನಮಗೆ ನೆಮ್ಮದಿ ಸಿಗುವುದು ನಾವು ಹೇಳುವುದು ಖಚಿತ ಎಂಬ ಧೈರ್ಯದಿಂದಲ್ಲ, ಕೇಳದೆಯೇ ಸಿಕ್ಕಿದ್ದನ್ನು ಕಂಡು ಬೆರಗಾಗುವುದರಿಂದ, ಅನ್ನುವ ಅರ್ಥದ ಮಾತು ಅದು. ಹಾಗೆಂದು ಬೇರು ಇಲ್ಲದ ಗುಂಪಲ್ಲ. ಯೇಸುವಿನ ಸುವಾರ್ತೆಯಲ್ಲಿ ಬೇರೂರಿದವರು, ಸ್ವಾತಂತ್ರ್ಯ ಮತ್ತು ಸಹನೆಗೆ ನಿಷ್ಠರು ಎಂದು ಅವರೇ ಬರೆದುಕೊಂಡಿದ್ದಾರೆ.

ವ್ಯವಸ್ಥೆ ಸರಳ. ಬಿಷಪ್ ಇಲ್ಲ. ಆಯಾ ಊರಿನ ಸಭೆ ತನ್ನ ಪಾಲಕರನ್ನು ತಾನೇ ಕರೆಯುತ್ತದೆ. ಇಡೀ ದೇಶಕ್ಕೆ ಸೇರಿದ್ದನ್ನು ಎಲ್ಲ ಊರುಗಳೂ ಸೇರುವ ಮಹಾಸಭೆ ತೀರ್ಮಾನಿಸುತ್ತದೆ. ಸದಸ್ಯರು ಕೆಲವೇ ಸಾವಿರ. ಸದಸ್ಯತ್ವ ಬೇಡ ಅನ್ನುವವರು 'ಸ್ನೇಹಿತರು' ಎಂದು ಜೊತೆಗಿರಬಹುದು. ಒಂದೇ ಲಿಂಗದ ಜೋಡಿಗಳಿಗೆ 1986ರಲ್ಲೇ ಆಶೀರ್ವಾದದ ದಾರಿ ತೆರೆದರು.

ಸುಲಭ ಅನ್ನುವವರಿಗೆ ನಾನು ಖಾಲಿ ಹಾಳೆ ಕೊಡುತ್ತೇನೆ. ಅರ್ಧ ಗಂಟೆ, ನಿಮ್ಮ ಸ್ವಂತ ಮಾತು, ಪುಸ್ತಕ ನೋಡುವಂತಿಲ್ಲ. ಬಹಳ ಮಂದಿ ಚರ್ಚಿನ ಪೂರ್ಣ ಸದಸ್ಯರಾಗುವ ಮೊದಲಿನ ದೃಢೀಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದನ್ನೇ ಇಳಿಸುತ್ತಾರೆ. ತಪ್ಪಲ್ಲ, ಆ ಸಾಲುಗಳನ್ನು ಮನಸಾರೆ ನಂಬುವವರೂ ಇದ್ದಾರೆ. ಒಂದು ವರ್ಷ ಕಿಟಕಿ ಪಕ್ಕದ ಹುಡುಗನೊಬ್ಬ ಸತ್ತವರು ಮತ್ತೆ ಏಳುತ್ತಾರೆ ಎಂಬ ಪುನರುತ್ಥಾನದ ಸಾಲು ಬರೆದ, ರಬ್ಬರ್ ಹಾಕಿದ, ಮತ್ತೆ ಬರೆದ. ಹಾಳೆ ಅಲ್ಲಿ ತೆಳ್ಳಗಾಗಿ ತೂತು ಬಿತ್ತು. "ನಂಬ್ತೀನಿ ಅಂತ ಬರೆಯೋಕೆ ಕೈ ಬರ್ತಿಲ್ಲ ಸರ್. ಅಪ್ಪ ಹೋದ ಮೇಲೆ ಬಿಡೋಕೂ ಆಗ್ತಿಲ್ಲ" ಅಂದ.

ಬೆಲ್ ಹೊಡೆದರೂ ಅವನು ಏಳಲಿಲ್ಲ. ಮುಂದಿನ ಪಾಠ ಅದೇ ಕೋಣೆಯಲ್ಲಿ ಇನ್ನೊಬ್ಬರದ್ದಿತ್ತು. ಹತ್ತು ನಿಮಿಷ ತಡೆಯಿರಿ ಎಂದು ಅವರನ್ನು ಕೇಳಿಕೊಂಡು ನಾನು ಬಾಗಿಲ ಬಳಿ ನಿಂತೆ.