ನಾಲ್ಕು ಬೋರು, ನಾಲ್ವರೂ ಜಾಣರು: ಮಾರುಕಟ್ಟೆ ವೈಫಲ್ಯದ ಟಿಪ್ಪಣಿ

ವಿಜಯಪುರದ ರೂಮಿನಲ್ಲಿ ಕುಳಿತು, ಈ ಪಾಠ ಮೂರನೇ ಸಲಕ್ಕೆ ಅರ್ಥವಾದ ರಾತ್ರಿಯೇ ಇದನ್ನು ಬರೆಯುತ್ತಿದ್ದೇನೆ. ಬೆಳಗಾದರೆ ಮರೆತುಬಿಡುತ್ತೇನೆ. ಬೇಡಿಕೆ, ಪೂರೈಕೆ, ಸಮತೋಲನ ಬೆಲೆ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ವಿವೇಕಿ ಅಂದರೆ ಯಾರು?

ಅರ್ಥಶಾಸ್ತ್ರದ ವಿವೇಕಿ ನಮ್ಮೂರಿನ ಶಾಣ್ಯಾ ಮನುಷ್ಯ ಅಲ್ಲ. ತನಗೆ ಬರುವ ಲಾಭ, ತನ್ನ ಮೇಲೆ ಬೀಳುವ ಖರ್ಚು ಎರಡನ್ನೂ ತೂಗಿ ನೋಡುವವನು, ಅಷ್ಟೇ. ಹೀಗೆ ಎಲ್ಲರೂ ತಂತಮ್ಮ ಹಿತ ನೋಡಿಕೊಂಡರೂ ಊರಿಗೂ ಒಳ್ಳೆಯದಾಗಬಹುದು ಅನ್ನುವುದು 1776ರಿಂದ, ಅಂದರೆ ಆಡಂ ಸ್ಮಿತ್ ಕಾಲದಿಂದ ಬಂದ ವಾದ. ನಾನು ಎಡವಿದ್ದು ಇಲ್ಲೇ. ಎಲ್ಲರೂ ವಿವೇಕಿಗಳಾದರೆ ಫಲಿತಾಂಶ ಕೆಡುವುದು ಹೇಗೆ? ಎಲ್ಲೋ ಒಬ್ಬ ದಡ್ಡ ಇರಲೇಬೇಕಲ್ವಾ?

ಇರಬೇಕಿಲ್ಲ. ಇಂಡಿ ಕಡೆಯ ನಮ್ಮ ಲಿಂಬೆ ತೋಟದ ಲೆಕ್ಕ ಹಾಕಿದ ಮೇಲೆಯೇ ನನಗಿದು ತಲೆಗೆ ಹೋಯಿತು.

ಬೋರಿನ ಲೆಕ್ಕ (ನಿಧಾನವಾಗಿ ಓದಿ)

ಅಕ್ಕಪಕ್ಕ ನಾಲ್ಕು ಹೊಲ, ಕೆಳಗೆ ಒಂದೇ ಅಂತರ್ಜಲ. ಒಬ್ಬರು ಹೊಸ ಬೋರು ಹಾಕಿಸಿದರೆ ವರ್ಷಕ್ಕೆ 60 ಸಾವಿರ ಲಾಭ ಅಂತ ಇಟ್ಟುಕೊಳ್ಳಿ. ಆದರೆ ನೀರು ಕೆಳಗೆ ಇಳಿದು ನಾಲ್ವರಿಗೂ ತಲಾ 25 ಸಾವಿರ ನಷ್ಟ. (ಅಂಕಿ ಎಲ್ಲಾ ನಾನೇ ಸುಮ್ನೆ ಹಾಕಿದ್ದು.)

ನಾನೊಬ್ಬನೇ ಹಾಕಿಸಿದರೆ: 60 ಕಳೆ 25, ನನಗೆ 35 ಸಾವಿರ ಉಳಿಯಿತು. ಊರಿನ ಲೆಕ್ಕ ಬೇರೆ: ಬಂದದ್ದು 60, ಹೋದದ್ದು 1 ಲಕ್ಷ. ಅದರಲ್ಲಿ ನನ್ನ 25 ಬಿಟ್ಟು ಉಳಿದ 75 ಸಾವಿರ ನನ್ನ ಜೇಬಿನಿಂದ ಹೋಗುವುದಿಲ್ಲ, ಹಾಗಾಗಿ ನನ್ನ ಲೆಕ್ಕದಲ್ಲೂ ಬರುವುದಿಲ್ಲ. ಈ 75 ಸಾವಿರದ ಹೆಸರೇ ಬಾಹ್ಯ ಪರಿಣಾಮ.

ನಾಲ್ವರೂ ಹಾಕಿಸಿದರೆ: ತಲಾ 60 ಕಳೆ 100, ಎಲ್ಲರಿಗೂ 40 ಸಾವಿರ ನಷ್ಟ.

ಇಷ್ಟು ನಷ್ಟ ಕಣ್ಣಿಗೆ ಕಂಡ ಮೇಲೂ ನಾನೊಬ್ಬ ಯಾಕೆ ನಿಲ್ಲಿಸಬಾರದು? ಎರಡು ದಿನ ಸಿಕ್ಕಿಹಾಕಿಕೊಂಡಿದ್ದ ಪ್ರಶ್ನೆ ಇದು. ನಾನು ನಿಲ್ಲಿಸಿದೆ, ಉಳಿದ ಮೂವರು ನಿಲ್ಲಿಸಲಿಲ್ಲ ಅನ್ನಿ. ನನಗೆ ಲಾಭ ಸೊನ್ನೆ, ನಷ್ಟ ಮೂರು ಸಲ 25, ಅಂದರೆ 75 ಸಾವಿರ. ಹಾಕಿಸಿದರೆ 40 ನಷ್ಟ, ಬಿಟ್ಟರೆ 75 ನಷ್ಟ. ಉಳಿದವರು ಏನೇ ಮಾಡಲಿ, ಹಾಕಿಸುವುದೇ ನನಗೆ 35 ಸಾವಿರ ವಾಸಿ. ನಾಲ್ವರೂ ಇದೇ ಲೆಕ್ಕ ಹಾಕುತ್ತಾರೆ, ನಾಲ್ವರ ಲೆಕ್ಕವೂ ಸರಿ. ಆದರೂ ಕೊನೆಗೆ ಎಲ್ಲರಿಗೂ ನಷ್ಟ. ಹೀಗೆ ಒಬ್ಬೊಬ್ಬರ ಲೆಕ್ಕ ಸರಿಯಿದ್ದೂ ಒಟ್ಟು ಫಲಿತಾಂಶ ಕೆಟ್ಟರೆ ಅದೇ ಮಾರುಕಟ್ಟೆ ವೈಫಲ್ಯ.

ಅಪ್ಪ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು: "ನಾವು ಬಿಟ್ರ ನೀರು ಉಳೀತಾವೇನು? ಬಾಜೂ ಹೊಲದವ್ರು ಎಳಕೋತಾರ."

ದರ ಬಿದ್ದರೆ ವೈಫಲ್ಯ ಅಲ್ಲ

ಉಳ್ಳಾಗಡ್ಡಿ ದರ ಕುಸಿತಕ್ಕೆ 'ಮಾರುಕಟ್ಟೆ ವೈಫಲ್ಯ' ಅಂತ ಬರೆದು ನಾನು ಟೆಸ್ಟಿನಲ್ಲಿ ಅಂಕ ಕಳೆದುಕೊಂಡೆ. ಮಾಲು ಜಾಸ್ತಿ ಬಂತು, ದರ ಬಿತ್ತು: ಮಾರುಕಟ್ಟೆ ತನ್ನ ಕೆಲಸ ಮಾಡಿದೆ. ರೈತನಿಗೆ ಹೊಡೆತ ಬಿದ್ದದ್ದು ನಿಜ, ಸರ್ಕಾರ ನೆರವಿಗೆ ಬರಬಹುದು. ಆದರೆ ಆ ಕಾರಣ ಬೇರೆ, ಅದನ್ನು ಆದಾಯ ಭದ್ರತೆ ಅಂತ ಬರೆಯಿರಿ.

ಕಬ್ಬಿನ ಕಥೆ ಹಾಗಲ್ಲ. ಕಡಿದ ಕಬ್ಬು ಬಿದ್ದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಮಾರುವವರು ಸಾವಿರಾರು, ಹತ್ತಿರದಲ್ಲಿ ಕೊಳ್ಳುವ ಕಾರ್ಖಾನೆ ಒಂದೋ ಎರಡೋ. ಪೈಪೋಟಿ ಇಲ್ಲ, ದರ ಕಾರ್ಖಾನೆಯ ಕೈಯಲ್ಲಿ: ಇದು ವೈಫಲ್ಯವೇ. ಹೀಗಾಗಿ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುತ್ತದೆ. 2025-26ಕ್ಕೆ ಅದು ಶೇ 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ತಮಾಷೆ ನೋಡಿ, ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ದೂರ ಇರಬೇಕು ಅನ್ನುವುದೂ ಅದೇ ಆದೇಶದಲ್ಲಿದೆ. ಒಂದು ಕೈಯಲ್ಲಿ ಪೈಪೋಟಿ ಕಡಿಮೆ ಮಾಡಿ, ಇನ್ನೊಂದು ಕೈಯಲ್ಲಿ ದರ ಕಟ್ಟಿದ ಹಾಗೆ!

ಸರ್ಕಾರ ಏನು ಮಾಡಬಹುದು?

ಅರ್ಥಶಾಸ್ತ್ರಜ್ಞ ಪಿಗು ಹೇಳುವುದು (1920): ಆ 75 ಸಾವಿರವನ್ನು ತೆರಿಗೆಯಾಗಿ ನನ್ನ ಮೇಲೆಯೇ ಹಾಕಿ. ಆಗ ಬೋರು ಹಾಕಿಸಿದರೆ 35ರ ಲಾಭ ಹೋಗಿ 40ರ ನಷ್ಟ, ನಾನೇ ಸುಮ್ಮನಾಗುತ್ತೇನೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೋಸ್ ಹೇಳುವುದು (1960): ಹಕ್ಕು ಯಾರದೆಂದು ಸ್ಪಷ್ಟವಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಅವರವರೇ ಬಗೆಹರಿಸಿಕೊಳ್ಳುತ್ತಾರೆ. ನಾಲ್ಕು ಹೊಲಕ್ಕೆ ನಡೆದೀತು, ನಾನೂರಕ್ಕೆ ಕಷ್ಟ.

ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದಾಗ ಕೇಳಿದರು: "ಈ 25 ಸಾವಿರ ಯಾರು ಅಳತಿ ಮಾಡ್ಯಾರ?" ಪಿಗು ತೆರಿಗೆಗೆ ಹಾಕಬೇಕಾದ ಆಕ್ಷೇಪ ಸರಿಯಾಗಿ ಇದೇ. ಆ ಅಂಕಿ ಗೊತ್ತಿಲ್ಲದೆ ತೆರಿಗೆ ಎಷ್ಟು ಅಂತ ಹಾಕುವುದು?

ಇನ್ನೊಂದು ತೊಡಕು ನಮ್ಮ ಮೋಟರಿನಲ್ಲೇ ಇದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ನೀರು ಎತ್ತುವ ಸೀಮಾಂತ ಖರ್ಚು, ಅಂದರೆ ಇನ್ನೊಂದಿಷ್ಟು ನೀರಿಗೆ ಬೀಳುವ ಹೆಚ್ಚುವರಿ ಖರ್ಚು, ನನಗೆ ಹೆಚ್ಚುಕಡಿಮೆ ಸೊನ್ನೆ. 2011ರ ಅಂತರ್ಜಲ ಕಾಯ್ದೆ ಒಂದು ಕಡೆ ನೀರಿಗೆ ಕಡಿವಾಣ ಹಾಕಲು ಬಂದರೆ, ಈ ಸೊನ್ನೆ ಇನ್ನೊಂದು ಕಡೆಗೆ ಎಳೆಯುತ್ತದೆ. ಇದಕ್ಕೆ 'ಸರ್ಕಾರದ ವೈಫಲ್ಯ' ಅಂತಲೇ ಹೆಸರಿದೆ.

ಮಾರುಕಟ್ಟೆ ಸೋಲುವ ಇನ್ನೊಂದು ಜಾಗ ಸಾರ್ವಜನಿಕ ಸರಕು. ಅದಕ್ಕೆ ಬೀದಿದೀಪದ ಉದಾಹರಣೆ ಸಾಕು: ದುಡ್ಡು ಕೊಡದವನಿಗೂ ಬೆಳಕು ತಪ್ಪಿಸಲಾಗದು, ಹಾಗಾಗಿ ಯಾರೂ ಕೊಡುವುದಿಲ್ಲ. ನಮ್ಮ ಬೋರಿನಂಥ ಹಂಚಿಕೆಯ ನೀರು, ಕಾಡನ್ನು ಊರವರೇ ನಿಯಮ ಮಾಡಿಕೊಂಡು ಉಳಿಸಿಕೊಂಡದ್ದನ್ನು ತೋರಿಸಿದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಆ ಅಧ್ಯಾಯ ಇನ್ನೂ ಅರ್ಧ ಓದಿದ್ದೇನೆ, ನಾಳೆ ಮುಂದುವರಿಸುತ್ತೇನೆ.