ಪಟ ತೆಗೆದವರದೋ, ಪಟಕ್ಕೆ ಕುಳಿತವರದೋ?

1850ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ ರೆಂಟಿ ಎಂಬ ಗುಲಾಮನನ್ನೂ ಅವನ ಮಗಳು ಡೀಲಿಯಾಳನ್ನೂ ಕ್ಯಾಮೆರಾ ಎದುರು ತಂದು ನಿಲ್ಲಿಸಲಾಯಿತು. ಅವರ ಜೊತೆಗೆ ಇನ್ನೂ ಐವರಿದ್ದರು. ಬಟ್ಟೆ ಕಳಚಿಸಿ ಚಿತ್ರ ತೆಗೆದವರು ಜೋಸೆಫ್ ಜೀಲಿ. ತೆಗೆಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಲೂಯಿ ಅಗಾಸಿ. ಕಪ್ಪು ಜನ, ಬಿಳಿ ಜನ ಬೇರೆ ಬೇರೆಯಾಗಿಯೇ ಸೃಷ್ಟಿಯಾದವರು ಎಂಬ ತಮ್ಮ ವಾದಕ್ಕೆ ಅವರಿಗೆ ಸಾಕ್ಷಿ ಬೇಕಾಗಿತ್ತು. ಇವು ಡಾಗೆರೋಟೈಪ್‌ಗಳು, ಅಂದರೆ ಬೆಳ್ಳಿಯ ಲೇಪವಿದ್ದ ತಾಮ್ರದ ಫಲಕಗಳು. ಇವಕ್ಕೆ ನೆಗೆಟಿವ್ ಇಲ್ಲ. ಒಂದು ಚಿತ್ರಕ್ಕೆ ಒಂದೇ ಪ್ರತಿ.

1976ರಲ್ಲಿ ಈ ಫಲಕಗಳು ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂನ ಅಟ್ಟದಲ್ಲಿ ಸಿಕ್ಕವು. ತಾನು ರೆಂಟಿಯ ವಂಶದವಳು, ಚಿತ್ರಗಳು ತನಗೆ ಸೇರಬೇಕು ಎಂದು ಟಮಾರಾ ಲೇನಿಯರ್ 2019ರಲ್ಲಿ ದಾವೆ ಹೂಡಿದರು. ಫಲಕಗಳ ಮೇಲೆ ಅವರಿಗೆ ಒಡೆತನವಿಲ್ಲ, ಆದರೆ ಅನುಭವಿಸಿದ ಮಾನಸಿಕ ನೋವಿಗಾಗಿ ದಾವೆ ಮುಂದುವರಿಸಬಹುದು ಎಂದು 2022ರಲ್ಲಿ ಮ್ಯಾಸಚೂಸೆಟ್ಸ್‌ನ ಉನ್ನತ ನ್ಯಾಯಾಲಯ ಹೇಳಿತು. 2025ರಲ್ಲಿ ರಾಜಿಯಾಗಿ, ಚಿತ್ರಗಳನ್ನು ದಕ್ಷಿಣ ಕೆರೊಲಿನಾದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಬಿಟ್ಟುಕೊಡಲು ಹಾರ್ವರ್ಡ್ ಒಪ್ಪಿತು. ಕ್ಯಾಮೆರಾ ಎದುರು ನಿಂತವರಿಗೆ ತಮ್ಮದೇ ಮುಖದ ಮೇಲೆ ಹಕ್ಕಿದೆಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಲು 169 ವರ್ಷ ಹಿಡಿಯಿತು.

ಅಂಚಿನ ಸಮುದಾಯಗಳ ಭಾವಚಿತ್ರದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಬೆಳಕು, ಕಣ್ಣು, ಘನತೆ ಎಂದು ಶುರುಮಾಡುತ್ತೇವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಎರಡು ಸಣ್ಣ ಸಂಗತಿಗಳು: ಚಿತ್ರದ ಕೆಳಗೆ ಏನು ಬರೆದಿದೆ, ಪ್ರತಿ ಯಾರ ಕೈಗೆ ಹೋಯಿತು.

1857ರ ದಂಗೆಯ ನಂತರ ಬ್ರಿಟಿಷ್ ಆಡಳಿತ ಭಾರತದ ಜನರನ್ನು ಚಿತ್ರಗಳಲ್ಲಿ ವಿಂಗಡಿಸಿಡಲು ಹೊರಟಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಅಡಿಬರಹಗಳಲ್ಲಿ ಬಹುಪಾಲು ಕಾಣುವುದು ಜಾತಿ, ಬುಡಕಟ್ಟು, ಊರು. ಜೊತೆಗೆ ಇವರು ನಂಬಿಗಸ್ತರೇ, ಕಳ್ಳರೇ ಎಂಬ ಷರಾ ಬೇರೆ. ಮುಖ ಒಬ್ಬನದು, ಅಪವಾದ ಕುಲಕ್ಕೆಲ್ಲ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ 1907ರಿಂದ 1930ರವರೆಗೆ ಮೂಲನಿವಾಸಿಗಳ ಬಗ್ಗೆ ಇಪ್ಪತ್ತು ಸಂಪುಟ ಹೊರತಂದರು. ಅವರಲ್ಲಿ ದ್ವೇಷವಿರಲಿಲ್ಲ, ಮೋಹವಿತ್ತು. ಆದರೆ ಒಂದು ಗುಡಾರದ ಚಿತ್ರದಲ್ಲಿ ಇಬ್ಬರ ನಡುವೆ ಇದ್ದ ಗಡಿಯಾರವನ್ನು ಅಳಿಸಿಹಾಕಿದರು. ಮೂಲನಿವಾಸಿಯ ಮನೆಯಲ್ಲಿ ಗಡಿಯಾರ ಇರಬಾರದಲ್ಲ!

ಈ ಕಾಲದಲ್ಲೇ ಕ್ಯಾಮೆರಾವನ್ನು ತಮ್ಮ ಕಡೆಗೆ ತಿರುಗಿಸಿಕೊಂಡವರೂ ಇದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ ಸುಮಾರು 160 ಭಾವಚಿತ್ರಗಳು ಸಿಕ್ಕಿವೆ. ಆ ಶತಮಾನದ ಅಮೆರಿಕದಲ್ಲಿ ಅಷ್ಟು ಸಲ ಫೋಟೊ ತೆಗೆಸಿಕೊಂಡವರು ಇನ್ನೊಬ್ಬರಿಲ್ಲ ಎನ್ನುತ್ತಾರೆ. ಕರಿಯರೆಂದರೆ ಹಲ್ಲು ಕಿರಿಯುವವರು ಎಂಬ ವ್ಯಂಗ್ಯಚಿತ್ರಗಳಿಗೆ ಅವರ ಗಂಭೀರ ಮುಖವೇ ಉತ್ತರ. ಅವರಂತೆಯೇ ಒಮ್ಮೆ ಗುಲಾಮಗಿರಿಯಲ್ಲಿದ್ದ ಸೋಜರ್ನರ್ ಟ್ರೂತ್ ಎಂಬ ಮಹಿಳೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಫೋಟೊ ಕಾರ್ಡುಗಳನ್ನು ತಾವೇ ಮಾರಿದರು, 1864ರಲ್ಲಿ ಹಕ್ಕುಸ್ವಾಮ್ಯವನ್ನೂ ತಮ್ಮ ಹೆಸರಿಗೇ ಮಾಡಿಸಿಕೊಂಡರು. ಕಾರ್ಡಿನ ಕೆಳಗಿನ ಸಾಲಿನ ಅರ್ಥ ಇಷ್ಟು: ಒಡಲನ್ನು ಸಾಕಲು ನೆರಳನ್ನು ಮಾರುತ್ತೇನೆ. ಒಂದು ಕಾಲದಲ್ಲಿ ಅವರ ಒಡಲೇ ಮಾರಾಟದ ಸರಕಾಗಿತ್ತು ಎಂಬುದನ್ನು ನೆನೆದರೆ ಈ ಸಾಲಿನ ಮೊನಚು ತಿಳಿಯುತ್ತದೆ.

ಅನುಕಂಪದ ಕ್ಯಾಮೆರಾ ಬಂದದ್ದು ಆಮೇಲೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ‘ವಲಸೆ ತಾಯಿ’ಯ ಚಿತ್ರ ಮಹಾ ಆರ್ಥಿಕ ಕುಸಿತದ ಮುಖವೇ ಆಗಿಬಿಟ್ಟಿತು. ಆಕೆಯ ಹೆಸರನ್ನು ತಾನು ಕೇಳಲಿಲ್ಲವೆಂದು ಲ್ಯಾಂಗ್ ಅವರೇ ಮುಂದೆ ಬರೆದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆಕೆ ಚೆರೋಕಿ ಎಂಬ ಮೂಲನಿವಾಸಿ ಸಮುದಾಯದವರು ಎಂಬುದೂ ಆಮೇಲೆ ಬೆಳಕಿಗೆ ಬಂತು. ಆ ಚಿತ್ರವನ್ನು ತೆಗೆಯದಿದ್ದರೇ ಚೆನ್ನಾಗಿತ್ತು, ತನಗೆ ಅದರಿಂದ ಬಿಡಿಗಾಸೂ ಬರಲಿಲ್ಲ ಎಂಬುದು ಆಕೆಯ ದೂರು. ಲ್ಯಾಂಗ್ ಕಟುಕರಲ್ಲ. ಸರ್ಕಾರದ ಕೆಲಸವಾದ್ದರಿಂದ ಆ ಚಿತ್ರದ ಹಕ್ಕು ಅವರ ಬಳಿಯೂ ಇರಲಿಲ್ಲ. ಆದರೂ ಜಗತ್ತೆಲ್ಲ ಗುರುತಿಸುವ ಮುಖಕ್ಕೆ 42 ವರ್ಷ ಹೆಸರಿರಲಿಲ್ಲ.

ಹೆಸರು ಬರೆದರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. 1960ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನೆಯ ಆಜ್ಞೆಯಂತೆ ಸೈನಿಕ ಮಾರ್ಕ್ ಗರಾಂಜೆ ಸುಮಾರು 2,000 ಮಹಿಳೆಯರ ಮುಸುಕು ತೆಗೆಸಿ ಗುರುತಿನ ಚೀಟಿಗೆ ಚಿತ್ರ ತೆಗೆದರು. ಅಲ್ಲಿ ಬೇಕಾಗಿದ್ದದ್ದೇ ಹೆಸರು. ಆ ಮಹಿಳೆಯರ ಕಣ್ಣಿನಲ್ಲಿರುವ ಸಿಟ್ಟು ಇವತ್ತಿಗೂ ಆರಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದ ಆಡಳಿತ ಕಪ್ಪು ಜನರು ಓಡಾಡಲು ಜೊತೆಗಿಟ್ಟುಕೊಳ್ಳಲೇಬೇಕಿದ್ದ ಪಾಸ್‌ಬುಕ್‌ಗಳಿಗೆ, ತಕ್ಷಣ ಚಿತ್ರ ಕೊಡುವ ಪೊಲರಾಯ್ಡ್ ಕಂಪನಿಯ ಕ್ಯಾಮೆರಾ ಬಳಸುತ್ತಿತ್ತು. ಅದನ್ನು ವಿರೋಧಿಸಿ 1970ರಲ್ಲಿ ಚಳವಳಿ ಆರಂಭಿಸಿದವರು ಆ ಕಂಪನಿಯ ಕಪ್ಪು ನೌಕರರೇ. ಕಂಪನಿ 1977ರಲ್ಲಿ ಆ ದೇಶದಿಂದ ಕಾಲ್ತೆಗೆಯಿತು. ಇನ್ನು ಫಿಲ್ಮು: ಕೊಡ್ಯಾಕ್ ದಶಕಗಳ ಕಾಲ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳುಹಿಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ಇದ್ದದ್ದು ಬಿಳಿಯ ಹೆಣ್ಣು. ಹಾಗಾಗಿ ಕಪ್ಪು ಮೈಬಣ್ಣ ಚಿತ್ರದಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಕಂಪನಿಗಳು ತಮ್ಮ ಸರಕಿನ ಬಣ್ಣ ಸರಿಯಾಗಿ ಮೂಡುತ್ತಿಲ್ಲವೆಂದು ದೂರಿದ ಮೇಲೆ ಕಂಪನಿ ಕಂದು ಬಣ್ಣದತ್ತ ಗಮನ ಹರಿಸಿತು. ಮನುಷ್ಯರ ದೂರಿಗೆ ಮೇಜು ಕುರ್ಚಿಗಳಷ್ಟು ತೂಕವಿರಲಿಲ್ಲ.

ಈ ಎಲ್ಲ ಸಾಲಗಳ ಲೆಕ್ಕ ಇಟ್ಟುಕೊಂಡೇ ಇಂದಿನ ಛಾಯಾಗ್ರಾಹಕರು ಕೆಲಸ ಮಾಡುತ್ತಿದ್ದಾರೆ. ದಕ್ಷಿಣ ಆಫ್ರಿಕಾ ಸಲಿಂಗ ವಿವಾಹವನ್ನು ಮಾನ್ಯ ಮಾಡಿದ 2006ರಲ್ಲೇ ಝನೆಲೆ ಮುಹೋಲಿ ‘ಫೇಸಸ್ ಆ್ಯಂಡ್ ಫೇಸಸ್’ ಸರಣಿ ಆರಂಭಿಸಿದರು. ಮೊದಲನೆಯದು ಮುಖ, ಎರಡನೆಯದು ಘಟ್ಟ; ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಕಪ್ಪು ಲೆಸ್ಬಿಯನ್ ಮತ್ತು ಟ್ರಾನ್ಸ್ ಜನರ ಕಪ್ಪುಬಿಳುಪು ಚಿತ್ರಗಳಿವು. ಕುಳಿತವರನ್ನು ಮುಹೋಲಿ ‘ಭಾಗೀದಾರರು’ ಎನ್ನುತ್ತಾರೆ. ಅಡಿಬರಹದಲ್ಲಿ ಹೆಸರು, ಊರು, ವರ್ಷ ಇರುತ್ತದೆ. ವರ್ಷಗಳ ನಂತರ ಅದೇ ವ್ಯಕ್ತಿಯ ಬಳಿಗೆ ಮತ್ತೆ ಹೋಗುತ್ತಾರೆ. ಪ್ರದರ್ಶನದ ಗೋಡೆಯಲ್ಲಿ ಅಲ್ಲಲ್ಲಿ ಜಾಗ ಖಾಲಿ ಬಿಟ್ಟಿರುತ್ತಾರೆ, ಅದು ಕಳೆದುಕೊಂಡವರದು. ಕಾನೂನು ಬಂದ ಮೇಲೂ ಅತ್ಯಾಚಾರ, ಕೊಲೆಗಳು ನಿಂತಿರಲಿಲ್ಲ. 2012ರಲ್ಲಿ ಮುಹೋಲಿ ಅವರ ಕೇಪ್‌ಟೌನ್ ಮನೆಯಿಂದ ಇಪ್ಪತ್ತಕ್ಕೂ ಹೆಚ್ಚು ಹಾರ್ಡ್ ಡ್ರೈವ್‌ಗಳು ಕಳುವಾದವು. ವರ್ಷಗಳ ದಾಖಲೆ ಹೋಯಿತು.

ಭಾರತದ ಛಾಯಾಗ್ರಾಹಕಿ ಗೌರಿ ಗಿಲ್ ಹಿಡಿದ ದಾರಿ ಬೇರೆ. 2015ರಿಂದ ಮಹಾರಾಷ್ಟ್ರದ ಜವ್ಹಾರ್‌ನಲ್ಲಿ, ಕಾಗದದ ಮುಖವಾಡ ಮಾಡುವ ಆದಿವಾಸಿ ಕಲಾವಿದರ ಜೊತೆಗೆ ಅವರು ಕೆಲಸ ಮಾಡುತ್ತಿದ್ದಾರೆ. ದೇವರು, ರಾಕ್ಷಸರ ಬದಲು ತಮ್ಮದೇ ದಿನನಿತ್ಯದ ಬದುಕಿನ ಮುಖವಾಡಗಳನ್ನು ಮಾಡಿ, ಅವನ್ನೇ ಧರಿಸಿ ಊರಿನವರು ಚಿತ್ರಕ್ಕೆ ನಿಂತರು. ಮುಖ ತೋರದೆಯೂ ಭಾವಚಿತ್ರವಾಗಬಹುದು ಎಂಬುದು ನನಗೆ ಮನವರಿಕೆಯಾದದ್ದು ಈ ಚಿತ್ರಗಳನ್ನು ನೋಡಿದ ಮೇಲೆ.

ಅಮೆರಿಕದ ನವಾಹೊ ಎಂಬ ಮೂಲನಿವಾಸಿ ಸಮುದಾಯದ ಛಾಯಾಗ್ರಾಹಕ ವಿಲ್ ವಿಲ್ಸನ್ 2012ರಲ್ಲಿ ಕರ್ಟಿಸ್‌ಗೆ ಉತ್ತರವೆಂಬಂತೆ ಒಂದು ಯೋಜನೆ ಆರಂಭಿಸಿದರು. ಬಳಸುವುದು ಹತ್ತೊಂಬತ್ತನೆಯ ಶತಮಾನದ ಟಿನ್‌ಟೈಪ್ ವಿಧಾನವನ್ನೇ, ಅಂದರೆ ತೆಳು ಲೋಹದ ಫಲಕದ ಮೇಲೆ ನೇರವಾಗಿ ಚಿತ್ರ ಮೂಡಿಸುವುದು. ಇದರಲ್ಲೂ ನೆಗೆಟಿವ್ ಇಲ್ಲ, ರೆಂಟಿಯ ಚಿತ್ರದಂತೆ ಫಲಕ ಒಂದೇ. ಹೇಗೆ ಕಾಣಿಸಿಕೊಳ್ಳಬೇಕೆಂಬುದು ಕುಳಿತವರ ಆಯ್ಕೆ. ವಿಲ್ಸನ್ ಒಂದು ಸ್ಕ್ಯಾನ್ ಉಳಿಸಿಕೊಳ್ಳುತ್ತಾರೆ. ಫಲಕವನ್ನು ಕುಳಿತವರು ಮನೆಗೆ ಒಯ್ಯುತ್ತಾರೆ.