ನನ್ನಲ್ಲಿ ಓಡುವ ಸ್ಕ್ರಿಪ್ಟ್ ಗೆಳೆಯನ ಕಂಪ್ಯೂಟರ್‌ನಲ್ಲಿ ಯಾಕೆ ನಿಲ್ಲುತ್ತೆ?

ಪ್ರಶ್ನೆ: ಅನಿಮೇಶನ್ ಮಾಡುವ ಸಾಫ್ಟ್‌ವೇರ್ ಅಡೋಬಿ ಅನಿಮೇಟ್‌ಗೆ ಒಂದು ಚಿಕ್ಕ ಸ್ಕ್ರಿಪ್ಟ್ (ಕೆಲಸವನ್ನು ತಾನಾಗಿ ಮಾಡುವ ಪ್ರೋಗ್ರಾಂ) ಬರೆದಿದ್ದೇನೆ. ಮಂಡ್ಯದಲ್ಲಿ ನನ್ನ ಹತ್ತಿರ ಚೆನ್ನಾಗಿ ಓಡುತ್ತೆ, ಮೈಸೂರಿನ ಗೆಳೆಯನಿಗೆ ಕಳಿಸಿದರೆ ಎರರ್ ಬರುತ್ತೆ. ಏನು ಮಾಡಲಿ?

ಮೊದಲು ಪಾತ್ ನೋಡಿ, ಅಂದರೆ ಫೈಲ್ ಎಲ್ಲಿದೆ ಅಂತ ಹೇಳುವ ವಿಳಾಸ. ಬಹಳ ಸಲ ತಪ್ಪು ಅಲ್ಲೇ ಇರುತ್ತೆ.

ನನಗೂ ಹೀಗೇ ಆಗಿತ್ತು. ಎತ್ತಿನ ಗಾಡಿಯ ಚಕ್ರ ಒಂದು ಸುತ್ತು ಬರೋಕೆ 24 ಕೀಫ್ರೇಮ್ (ಚಿತ್ರ ಬದಲಾಗುವ ಫ್ರೇಮ್) ಹಾಕಿ, ಒಂದೊಂದರಲ್ಲೂ 15 ಡಿಗ್ರಿ ತಿರುಗಿಸಬೇಕಿತ್ತು. ಕೈಯಲ್ಲಿ ಮಾಡಿ ಮಾಡಿ ಸಾಕಾಗಿ ಸ್ಕ್ರಿಪ್ಟ್ ಬರೆದೆ, ಕುವೆಂಪುನಗರದ ಗೆಳತಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಅವಳ ಹತ್ತಿರ ಶುರುವಿನಲ್ಲೇ ನಿಂತುಹೋಯಿತು. ತೆರೆದು ನೋಡಿದರೆ, ಚಕ್ರದ ಚಿತ್ರ ತರುವ ಸಾಲಿನಲ್ಲಿ ಸಿ ಡ್ರೈವ್, ಯೂಸರ್ಸ್, ಆಮೇಲೆ ನನ್ನದೇ ಹೆಸರು! ಅವಳ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್ ಎಲ್ಲಿಂದ ಬರಬೇಕು?

ಅನಿಮೇಟ್‌ನ ಸ್ಕ್ರಿಪ್ಟ್ ಬರೆಯುವುದು ಜೆಎಸ್‌ಎಫ್‌ಎಲ್‌ನಲ್ಲಿ. ಅದು ಜಾವಾಸ್ಕ್ರಿಪ್ಟೇ, ಅನಿಮೇಟ್‌ಗೆ ಫ್ಲ್ಯಾಶ್ ಅಂತ ಹೆಸರಿದ್ದಾಗಿನ ಫ್ಲ್ಯಾಶ್ ಎಂಎಕ್ಸ್ 2004ರ ಕಾಲದಿಂದ ಇದೆ. ಅದರಲ್ಲಿ ಎಫ್‌ಎಲ್ ಡಾಟ್ ಸ್ಕ್ರಿಪ್ಟ್‌ಯುಆರ್‌ಐ ಅಂತ ಒಂದಿದೆ, ಈಗ ಓಡುತ್ತಿರುವ ಸ್ಕ್ರಿಪ್ಟ್ ಎಲ್ಲಿದೆ ಅಂತ ಅದೇ ಹೇಳುತ್ತೆ. ಕೊನೆಯ ಫೈಲ್ ಹೆಸರು ಕತ್ತರಿಸಿದರೆ ಫೋಲ್ಡರ್ ಸಿಕ್ಕಿತು, ಚಿತ್ರವನ್ನೂ ಅಲ್ಲೇ ಇಡಿ, ಪಾತ್ ಕೈಯಲ್ಲಿ ಬರೆಯುವ ಕೆಲಸವೇ ಇಲ್ಲ.

ಇನ್ನೊಂದು ಮಾತು. ಯಾವ ಫೈಲೂ ತೆರೆಯದೆ ಸ್ಕ್ರಿಪ್ಟ್ ಓಡಿಸಿದರೆ ಡಾಕ್ಯುಮೆಂಟ್ ಬದಲು ನಲ್ (ಅಂದರೆ ‘ಏನೂ ಇಲ್ಲ’) ಬರುತ್ತೆ, ಸ್ಕ್ರಿಪ್ಟ್ ನಿಲ್ಲುತ್ತೆ. ನೀವು ಬರೆಯುವಾಗ ಫೈಲ್ ತೆರೆದೇ ಇರುತ್ತೆ, ಅದಕ್ಕೇ ಈ ತಪ್ಪು ನಿಮ್ಮ ಕಣ್ಣಿಗೆ ಬೀಳಲ್ಲ. ಮೊದಲೇ ಪರೀಕ್ಷಿಸಿ, ‘ಮೊದಲು ಒಂದು ಫೈಲ್ ತೆರೆಯಿರಿ’ ಅಂತ ಕನ್ನಡದಲ್ಲೇ ಅಲರ್ಟ್ ಕೊಡಿ. ಆದರೆ ಸ್ಕ್ರಿಪ್ಟನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ಬಗೆ) ಸೇವ್ ಮಾಡಿ, ನೋಟ್‌ಪ್ಯಾಡ್‌ನ ಇನ್ನೊಂದು ಬಗೆಯಾದ ಆನ್ಸಿಯಲ್ಲಿ ಮಾಡಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಫ್ರೇಮ್ ಎಣಿಕೆಯೂ ನೆನಪಿರಲಿ: ಟೈಮ್‌ಲೈನ್‌ನಲ್ಲಿ 1 ಅಂತ ಕಾಣುವುದು ಸ್ಕ್ರಿಪ್ಟ್‌ಗೆ 0.

ಹಂಚೋದು ಸುಲಭ. ಅನಿಮೇಟ್‌ನ ಕಾನ್ಫಿಗರೇಶನ್ ಫೋಲ್ಡರ್ ಒಳಗಿನ ಕಮಾಂಡ್ಸ್ ಫೋಲ್ಡರ್‌ಗೆ ಫೈಲ್ ಹಾಕಿದರೆ ಅದರ ಹೆಸರೇ ಕಮಾಂಡ್ಸ್ ಮೆನುವಿನಲ್ಲಿ ಕಾಣುತ್ತೆ, ಅದಕ್ಕೇ ‘ಟೆಸ್ಟ್2’ ಅಂತೆಲ್ಲ ಸುಮ್ನೆ ಹೆಸರಿಡಬೇಡಿ. ಒಂದೆರಡು ಫೈಲ್ ಆದರೆ ಜಿಪ್ ಸಾಕು. ಯಾವ ಫೈಲ್ ಎಲ್ಲಿ ಹಾಕಬೇಕು ಅಂತ ನಾಲ್ಕು ಸಾಲು ಬರೆದು ಜೊತೆಗಿಡಿ, ಜನ ಕೇಳೋದು ಅದನ್ನೇ ಜಾಸ್ತಿ.

ಕಳಿಸುವ ಮುಂಚೆ ನಿಮ್ಮ ಕಂಪ್ಯೂಟರ್‌ನಲ್ಲೇ ಬೇರೆ ಹೆಸರಿನ ಹೊಸ ಯೂಸರ್ ಅಕೌಂಟ್ ತೆರೆದು, ಆ ಜಿಪ್ ಅಲ್ಲಿ ಬಿಚ್ಚಿ, ನೀವು ಬರೆದ ನಾಲ್ಕು ಸಾಲು ಓದಿಕೊಂಡೇ ಹಾಕಿ ನೋಡಿ. ಪಾತ್ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತೆ.